ಎದೆಗಿಳಿದ ಅತ್ತರು

ಆಳಂದದ ದರ್ಗಾದ ಓಣಿಯಲ್ಲಿ ಜೈತುನಬಿಯ ಮೂಗಿಗೆ ಅಂಜದ ವ್ಯಾಪಾರಿ ಇರಲಿಲ್ಲ. ಹೈದರಾಬಾದಿನಿಂದ ಅತ್ತರು ತಂದು ಮಾರುವ ಗಟ್ಟಿಗರೂ ಅವಳ ಅಂಗಡಿಯ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದರು. ಬಾಟಲಿಯ ಬಿರಡೆ ತೆಗೆದರೆ ಸಾಕು, ಇದರಲ್ಲಿ ಗುಲಾಬಿ ಎಷ್ಟು, ಎಣ್ಣೆ ಎಷ್ಟು, ಸುಳ್ಳು ಎಷ್ಟು ಎಂದು ಅವಳು ಹೇಳಿಬಿಡುತ್ತಿದ್ದಳು. ಗಂಡ ಕರೀಮಸಾಬ ತೀರಿಕೊಂಡು ಎಂಟು ವರ್ಷವಾಗಿತ್ತು. ಅಂಗಡಿ ಮುಚ್ಚಿ ಮನೆಯಲ್ಲಿ ಕೂಡು ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ಅವಳು ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯೊಂದನ್ನು ಕಿವಿಗೆ ಸಿಕ್ಕಿಸಿ ಕಳಿಸುತ್ತಿದ್ದಳು. ಸಂಜೆಯತನಕ ಘಮಘಮ ಎಂದು ತಿರುಗಾಡಿದ ಮೇಲೆ ಆ ಮಾತು ಮತ್ತೆ ಎತ್ತಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಹೆಂಗಸಿಗೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಬೇಕು. ಹೆಮ್ಮೆ ಇರುವವರು ಕೆಟ್ಟವರೇನಲ್ಲ. ಆದರೆ ತಮಗೆ ಗೊತ್ತಿಲ್ಲದ ಜಾಗಕ್ಕೂ ಅವರು ಗೊತ್ತಿದ್ದವರ ಹಾಗೆಯೇ ನಡೆದುಹೋಗುತ್ತಾರೆ.

ಅವಳಿಗೆ ಒಬ್ಬನೇ ಮಗ, ಯಾಸೀನ. ಇಪ್ಪತ್ತನಾಲ್ಕು ವರ್ಷದವನು. ಸಣ್ಣದೊಂದು ಗೂಡ್ಸ್ ಗಾಡಿ ಇಟ್ಟುಕೊಂಡು ಅಫಜಲಪುರ, ಜೇವರ್ಗಿ ಕಡೆಯಿಂದ ತೊಗರಿ ಚೀಲ ಹೇರಿ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಹಾಕುತ್ತಿದ್ದ. ದುಡಿಯುವುದರಲ್ಲಿ ಎತ್ತು. ಇದ್ದ ಕೆಟ್ಟ ಚಟ ಒಂದೇ, ಗುಟ್ಕಾ. ಅದು ಹದಿನೇಳನೆಯ ವಯಸ್ಸಿಗೇ ಅವನ ದವಡೆಯಲ್ಲಿ ಬಿಡಾರ ಹೂಡಿತ್ತು. ಜೈತುನಬಿ ಬೈದಳು, ಅತ್ತಳು, ಎರಡು ದಿನ ಊಟ ಬಿಟ್ಟಳು. ಮಗ ತಾಯಿಯ ಕಾಲು ಹಿಡಿದು ಆಣೆ ಮಾಡುತ್ತಿದ್ದ, ಮಾರನೆಯ ದಿನ ಗಾಡಿಯ ಸೀಟಿನ ಕೆಳಗೆ ಗುಟ್ಕಾದ ಚೀಟು ಸಿಗುತ್ತಿತ್ತು.

ಅವನ ಬಾಯಿ ಕಟ್ಟಿಸಿದವನು ಜೇವರ್ಗಿಯ ಬುರಾನುದ್ದೀನ. ಬೀಜ, ಗೊಬ್ಬರದ ಅಂಗಡಿ ಇಟ್ಟವನು, ಯಾಸೀನನಿಗೆ ಗೊತ್ತುಮಾಡಿದ ಹುಡುಗಿ ಮಸರತಳ ತಂದೆ. ಅವನ ಒಡಹುಟ್ಟಿದ ತಮ್ಮ ಗುಟ್ಕಾ ತಿಂದು ತಿಂದು ಬಾಯಿಯ ಕ್ಯಾನ್ಸರಿನಿಂದ ಸತ್ತಿದ್ದ. ಹಾಗಾಗಿ ನಿಶ್ಚಯದ ದಿನ ಶರಬತ್ತು ಮುಟ್ಟುವ ಮುಂಚೆಯೇ ಆತ ವರನ ಬಾಯಿ ತೆರೆಸಿ, ಮೊಬೈಲಿನ ಟಾರ್ಚು ಹಚ್ಚಿ ಒಳಗೆ ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ನೆರೆದವರು ನಕ್ಕರು. ಆತ ನಗಲಿಲ್ಲ.

"ಆರು ತಿಂಗಳು ಕೊಡ್ತೇನಿ, ಆಪಾ. ನಿಕಾಹ್ ಹೊತ್ತಿಗೆ ಈ ಬಾಯಿ ಸ್ವಚ್ಛ ಇರಬೇಕು. ಇಲ್ಲಾಂದ್ರ ನನ್ನ ಮಗಳು ನನ್ನ ಮನ್ಯಾಗೇ ಇರ್ತಾಳ. ಸಿಟ್ಟಾಗಬ್ಯಾಡ್ರಿ, ನನ್ನ ತಮ್ಮನ್ನ ಮಣ್ಣು ಮಾಡಿದ ಕೈ ಇದು," ಎಂದ.

ಯಾಸೀನ ಗುಟ್ಕಾ ಬಿಟ್ಟ. ನಿಜವಾಗಿಯೂ ಬಿಟ್ಟ. ಜೈತುನಬಿ ದರ್ಗಾಕ್ಕೆ ಹೂವಿನ ಚಾದರ ಹೊದಿಸಿ ಬಂದಳು. ಒಂದು ವಾರದ ಮೇಲೆ ಮಗನ ಅಂಗಿಯಲ್ಲಿ ಮಾವಿನಹಣ್ಣಿನ ಸುಳ್ಳು ವಾಸನೆ ಹೊಡೆಯಿತು. ಅವಳ ಮೂಗಿನಿಂದ ಏನು ತಪ್ಪೀತು? ಜೇಬಿಗೆ ಕೈ ಹಾಕಿದರೆ ಬೆರಳುದ್ದದ ಉಕ್ಕಿನ ಬಣ್ಣದ ಪೈಪು. ಬಾಯಿಗಿಟ್ಟು ಎಳೆದರೆ ತುದಿಯಲ್ಲಿ ನೀಲಿ ದೀಪ, ಬಿಟ್ಟರೆ ಮೋಡದಂತಹ ಬಿಳಿ ಹೊಗೆ.

"ಗುಟ್ಕಾ ಬಿಡಸೂ ಮಷೀನ್ ಅಮ್ಮಿ ಇದು. ಹೊಗಿ ಅಲ್ಲ, ಬರೇ ಉಗಿ," ಎಂದ ಯಾಸೀನ.

ಅರ್ಧ ನಿಜ. ಸರಕಾರ ಬಂದ್ ಮಾಡಿದ ಮಾಲು ಅದು. ಹೆದ್ದಾರಿಯ ಪಾನಂಗಡಿಯೊಂದರಲ್ಲಿ ಗಲ್ಲೆಯ ಕೆಳಗಿನಿಂದ ಕೊಡುತ್ತಿದ್ದರು, ಒಳಗೆ ಹಾಕುವ ಬಣ್ಣದ ನೀರಿನ ಬಾಟಲಿಯನ್ನೂ ಅವರೇ ಕೊಡುತ್ತಿದ್ದರು. ಗುಟ್ಕಾದ ನಶೆ ಬೇರೆ ದಾರಿಯಿಂದ ಒಳಗೆ ಹೋಗುತ್ತಿತ್ತು, ಅಷ್ಟೇ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗಿತ್ತು, ಬಿದ್ದವನಿಗೆ ಬಿಸಿ ಇನ್ನೂ ತಟ್ಟಿರಲಿಲ್ಲ.

ನಿಕಾಹ್‌ಗೆ ಒಂದೂವರೆ ತಿಂಗಳಿದೆ ಎನ್ನುವಾಗ ಪೊಲೀಸರು ಆ ಪಾನಂಗಡಿಗೆ ಬೀಗ ಜಡಿದರು. ಬಾಟಲಿ ನಿಂತಿತು. ಯಾಸೀನ ಮೂರು ದಿನದಲ್ಲಿ ಹುಚ್ಚನಂತಾದ. ಕೈ ನಡುಗುವುದು, ಸುಮ್ಮಸುಮ್ಮನೆ ರೇಗುವುದು. ನಾಲ್ಕನೆಯ ದಿನ ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಗುಟ್ಕಾದ ಚೀಟು ಸಿಕ್ಕಿತು, ಇನ್ನೂ ಹರಿದಿರಲಿಲ್ಲ. ಕಟ್ಟಿದ ಸಂಬಂಧ ಕಣ್ಣೆದುರಿಗೇ ಬಿಚ್ಚಿಹೋಗುತ್ತಿತ್ತು.

ಆಗ ಜೈತುನಬಿ ಖಾಲಿ ಪೈಪನ್ನು ಮೂಗಿಗೆ ಹಿಡಿದಳು. "ಇಷ್ಟೇ ಏನು? ಇಂಥಾ ಹಲ್ಕಾ ವಾಸನಿ ಎಳಕೊಂಡು ಕುಂತೀಯಲ್ಲೋ, ಅತ್ತರಿನ ಮನಿ ಮಗ ಆಗಿ! ನಾ ಮಾಡಿಕೊಡ್ತೇನಿ ನೋಡು. ನಶಾ ಇರಂಗಿಲ್ಲ, ವಾಸನಿ ಇರ್ತದ. ಬಾಯಿ ಚಟ ತೀರ್ತದ, ಮೈಗೂ ಛಲೋ."

ಮಾರುವ ಅತ್ತರಿಗೆ ಅವಳೂ ಎಲ್ಲರಂತೆ ಅಗ್ಗದ ಬಿಳಿ ಎಣ್ಣೆ ಬೆರೆಸುತ್ತಿದ್ದಳು. ಮಗನ ಎದೆಗೆ ಹೋಗುವುದಕ್ಕೆ ಅದು ಬೇಡ ಎಂದು ಪಕ್ಕಕ್ಕಿಟ್ಟಳು. ಕಣ್ಣೆದುರಿಗೆ ಗಾಣ ತಿರುಗಿಸಿ ತೆಗೆದ ಬಾದಾಮಿ ಎಣ್ಣೆ ತರಿಸಿದಳು. ಕೂಸುಗಳ ನೆತ್ತಿಗೆ ತಿಕ್ಕುವಂಥದ್ದು, ಒಣಕೆಮ್ಮಿಗೆ ಹಕೀಮರು ಹಾಲಿನಲ್ಲಿ ಕೊಡುವಂಥದ್ದು. ಅದಕ್ಕೆ ಲಾವಂಚದ ಬೇರಿನ ಖಸ್ ಅತ್ತರು, ಏಲಕ್ಕಿ, ಚಿಟಿಕೆ ಪುದೀನಾ ಹರಳು. ಮಲ್‌ಮಲ್ ಬಟ್ಟೆಯಲ್ಲಿ ಮೂರು ಸಲ ಸೋಸಿದಳು. ಪೈಪಿನೊಳಗಿನ ಕರಕಲಾದ ಹತ್ತಿ ಕಿತ್ತು, ತನ್ನ ಕೈಯಾರೆ ಹೊಸ ಹತ್ತಿ ಹೊಸೆದು ಇಟ್ಟಳು. ಬಿಸ್ಮಿಲ್ಲಾ ಎಂದು ಎಣ್ಣೆ ತುಂಬಿದಳು. ಲೋಕದಲ್ಲಿ ವಿಷ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ಮಡಿಯಿಂದ, ಇಷ್ಟು ಅಕ್ಕರೆಯಿಂದ ಹಾಕಿದವರು ಇರಲಾರರು.

ಯಾಸೀನ ಎಳೆದ. ಎಳೆದವನೇ ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

"ಹೆಂಗೈತಿ?" ಎಂದಳು ಜೈತುನಬಿ, ಮುಖ ಅರಳಿಸಿಕೊಂಡು.

"ಮಸ್ತ್ ಐತಿ, ಅಮ್ಮಿ."

ಅಂದಿನಿಂದ ಅವಳು ದಿನಾ ತುಂಬಿಕೊಟ್ಟಳು. ಗುಟ್ಕಾ ಮತ್ತೆ ಮನೆಗೆ ಬರಲಿಲ್ಲ. ತನ್ನ ಖಸ್ ಅತ್ತರು ಗುಟ್ಕಾವನ್ನು ಗೆದ್ದಿತೆಂದು ಊರಿಗೆಲ್ಲ ಸಾರಬೇಕೆಂದು ಅವಳ ನಾಲಿಗೆ ತುರಿಸುತ್ತಿತ್ತು. ಪೈಪಿನ ಸುದ್ದಿ ಬೀಗರ ಕಿವಿಗೆ ಬಿದ್ದೀತೆಂದು ತುಟಿ ಬಿಗಿಹಿಡಿದಳು.

ಹದಿನೆಂಟನೆಯ ದಿನ ಯಾಸೀನನಿಗೆ ವಾಂತಿ, ಭೇದಿ, ಚಳಿಜ್ವರ. ಆಳಂದದ ಡಾಕ್ಟರು ವಿಷಮಜ್ವರ ಇರಬೇಕೆಂದು ಎರಡು ಬಾಟಲಿ ಸಲೈನ್ ಏರಿಸಿದರು. ಜ್ವರ ಇಳಿಯಲಿಲ್ಲ, ಮೇಲೆ ಕೆಮ್ಮು ಸೇರಿತು. ಎದೆಯ ಮೇಲೆ ಒಳಕಲ್ಲು ಇಟ್ಟಂತೆ ಆಗುತ್ತದೆ ಎಂದ. ಎದೆಗೆ ಬಾದಾಮಿಗಿಂತ ದೊಡ್ಡ ಮದ್ದು ಯಾವುದಿದೆ? "ಎದಿ ಬಿಗಿದೈತಿ ನಿಂದು. ಎರಡು ಸಲ ಹೆಚ್ಚಿಗಿ ಎಳಿ," ಎಂದು ಜೈತುನಬಿ ತಾನೇ ಪೈಪು ಅವನ ತುಟಿಗೆ ಹಿಡಿದಳು. ಅವನು ಎಳೆದ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಅವನ ತುಟಿ ನೇರಳೆಹಣ್ಣು ತಿಂದವರ ಹಾಗೆ ನೀಲಿಯಾಗಿತ್ತು.

ಆಂಬುಲೆನ್ಸಿನಲ್ಲಿ ಕಲಬುರಗಿಗೆ ಹೊರಟರು. ಗಂಡು ದಿಕ್ಕಿಲ್ಲದ ಮನೆ, ಸುದ್ದಿ ತಿಳಿದ ಬುರಾನುದ್ದೀನ ಜೇವರ್ಗಿಯಿಂದ ನೇರವಾಗಿ ಆಸ್ಪತ್ರೆಗೇ ಬಂದು ನಿಂತಿದ್ದ. ಸ್ಟ್ರೆಚರ್ ತಳ್ಳಿದವನು ಅವನೇ, ಔಷಧದ ಚೀಟಿ ಹಿಡಿದು ಓಡಿದವನು ಅವನೇ. ಆ ಉಪಕಾರವೇ ಜೈತುನಬಿಗೆ ಉರುಳಾಯಿತು.

ಐಸಿಯು ಡಾಕ್ಟರಮ್ಮ ಮೈತ್ರಿ ಸಣ್ಣ ವಯಸ್ಸಿನವಳು, ಮಾತು ಮೆಲ್ಲಗೆ, ಕಣ್ಣು ಮಾತ್ರ ಚೂಪು. ಎದೆಯ ಸ್ಕ್ಯಾನನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದಳು.

"ಗಾಳಿ ಇದ್ದಲ್ಲಿ ಕಪ್ಪಗ ಕಾಣಬೇಕ್ರಿ ಅಮ್ಮಾ. ಇವನದು ನೋಡ್ರಿ, ಎರಡೂ ಕಡೆ ಬೆಳ್ಳಗ. ಹಿಂಗಾಗಾಕ ನೂರು ಕಾರಣ ಇರ್ತಾವ. ನೆನಪು ಮಾಡ್ಕೊಂಡು ಹೇಳ್ರಿ. ಬೀಡಿ, ಸಿಗರೇಟು? ಗಾಂಜಾ? ಹೊಲಕ್ಕ ಔಷಧ ಹೊಡಿಯಾಕ ಹೋಗಿದ್ನೇನು? ಈಗಿನ ಹುಡುಗ್ರು ಪೆನ್ನಿನಂಥ ಹೊಗಿ ಮಷೀನ್ ಇಟ್ಟಿರ್ತಾರಲ್ಲ, ಅಂಥಾದ್ದು ಏನರೆ?"

ಬುರಾನುದ್ದೀನ ಪಕ್ಕದಲ್ಲೇ ನಿಂತಿದ್ದ, ಕೈಯಲ್ಲಿ ಔಷಧದ ಚೀಲ.

"ಏನೂ ಇಲ್ರಿ ಮೇಡಮ್ಮಾರ. ಗುಟ್ಕಾ ಇತ್ತು, ಅದೂ ಬಿಟ್ಟಾನ. ನನ್ನ ಮಗನ ಎದಿ ಹಾಲಿನಂಗ ಐತಿ."

ಸುಳ್ಳು ಅಷ್ಟು ಸಲೀಸಾಗಿ ಹೊರಬಿದ್ದದ್ದಕ್ಕೆ ಅವಳಿಗೇ ಬೆರಗಾಯಿತು. ಹೊಗೆಯ ಮಷೀನು ಎಂದರೆ ಹೊಗೆಯದ್ದು, ತಾನು ಕೊಟ್ಟದ್ದು ಬಾದಾಮಿ, ಇದು ಸುಳ್ಳು ಹೇಗಾದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮೈತ್ರಿ ಹಾಸಿಗೆಯ ಕಡೆ ಬಗ್ಗಿ ಯಾಸೀನನನ್ನೂ ಅದನ್ನೇ ಕೇಳಿದಳು. ಮೂಗು ಬಾಯಿ ಮುಚ್ಚಿದ ಮಾಸ್ಕಿನೊಳಗಿಂದ ಅವನು ಡಾಕ್ಟರನ್ನು ನೋಡಲಿಲ್ಲ, ತಾಯಿಯನ್ನು ನೋಡಿದ. ಆಮೇಲೆ ಇಲ್ಲ ಎಂದು ತಲೆಯಾಡಿಸಿದ.

ಮಾರನೆಯ ದಿನಕ್ಕೆ ಮಾಸ್ಕು ಸಾಲದಾಯಿತು. ಯಾಸೀನ ನಿಮಿಷಕ್ಕೆ ನಲವತ್ತೈದು ಸಲ ಉಸಿರು ಎಳೆಯುತ್ತಿದ್ದ, ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಇವನು ಹೀಗೇ ದಣಿದು ನಿಂತುಬಿಡುತ್ತಾನೆ, ನಿದ್ದೆಯ ಔಷಧ ಕೊಟ್ಟು ಗಂಟಲಿಗೆ ನಳಿಗೆ ಇಳಿಸಿ ಉಸಿರಾಟವನ್ನು ವೆಂಟಿಲೇಟರಿಗೆ ಒಪ್ಪಿಸಬೇಕು ಎಂದಳು ಮೈತ್ರಿ. ಒಪ್ಪಿಗೆಯ ಕಾಗದ ಕನ್ನಡದಲ್ಲಿತ್ತು. ಜೈತುನಬಿಗೆ ಉರ್ದು ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತೇ ಹೊರತು ಕನ್ನಡ ಓದಲು ಬರುತ್ತಿರಲಿಲ್ಲ. ಬುರಾನುದ್ದೀನ ಒಂದೊಂದೇ ಸಾಲು ಓದಿ ಹೇಳಿದ. 'ಜೀವಕ್ಕೆ ಅಪಾಯ' ಎಂಬಲ್ಲಿ ಅವನ ದನಿ ಸಣ್ಣದಾಯಿತು. ಅವಳು ಹೆಬ್ಬೆಟ್ಟು ಒತ್ತಿದಳು.

ನಳಿಗೆ ಹಾಕುವ ಮುಂಚೆ ಎರಡು ನಿಮಿಷ ಒಳಗೆ ಬಿಟ್ಟರು. ಯಾಸೀನ ತಾಯಿಯ ಮಣಿಕಟ್ಟು ಹಿಡಿದ. ಒಂದೊಂದು ಪದಕ್ಕೆ ಒಂದೊಂದು ಉಸಿರು ಬೇಕಾಯಿತು.

"ಯಾರಿಗೂ... ಏನೂ... ಹೇಳಬ್ಯಾಡ, ಅಮ್ಮಿ."

"ಇಲ್ಲಪಾ, ಹೇಳಂಗಿಲ್ಲ. ನಿನ್ನ ನಿಕಾಹ್ ಆಗೇ ಆಗ್ತದ," ಎಂದಳು ಜೈತುನಬಿ. ಅವನು ಮದುವೆಗಾಗಿಯೇ ಹಾಗೆ ಹೇಳಿದ್ದು ಎಂದು ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅವನು ಕಣ್ಣು ಮುಚ್ಚಿದ. ಪರದೆ ಎಳೆದರು.

ಕಫದ ಪರೀಕ್ಷೆಯಲ್ಲಿ ಕ್ಷಯ ಇಲ್ಲ ಎಂದು ಬಂತು. ಕೊರೋನಾ ಇಲ್ಲ, ಹಂದಿಜ್ವರವೂ ಇಲ್ಲ. ಯಾವುದು ಅಲ್ಲ ಎಂದು ದಿನಾ ಗೊತ್ತಾಗುತ್ತಿತ್ತು, ಯಾವುದು ಹೌದು ಎಂದು ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ನಳಿಗೆಯೊಳಗಿಂದ ದುರ್ಬೀನು ಇಳಿಸಿ, ಎದೆಗೆ ಉಪ್ಪುನೀರು ಬಿಟ್ಟು, ತೊಳೆದು ವಾಪಸ್ಸು ಎಳೆದರು. ಮೈತ್ರಿ ಗಾಜಿನ ಸೀಸೆ ಹಿಡಿದು ಹೊರಗೆ ಬಂದಳು. ನೀರು ಹಾಲುಬಣ್ಣಕ್ಕೆ ತಿರುಗಿತ್ತು, ಮೇಲೆ ತೆಳ್ಳಗಿನ ಜಿಡ್ಡು.

"ಇದರಾಗ ಎಣ್ಣಿ ಐತ್ರಿ. ಎಣ್ಣಿ ಎಲ್ಲಿಂದ ಬಂತು?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಜೈತುನಬಿಯ ಕೈ ಸೆರಗಿನ ಗಂಟಿಗೆ ಹೋಯಿತು. ಮನೆಯಿಂದ ಹೊರಡುವಾಗ ಬಚ್ಚಿಟ್ಟುಕೊಂಡ ಪೈಪು ಅಲ್ಲೇ ಇತ್ತು. ಅವಳು ಬಾಯಿ ತೆರೆಯುವುದರೊಳಗೆ ಬುರಾನುದ್ದೀನ ಹಣೆ ಬಡಿದುಕೊಂಡ.

"ಡೀಸೆಲ್ ಇರಬೇಕ್ರಿ! ಗಾಡಿಯವರು ಟ್ಯಾಂಕಿಗೆ ಪೈಪು ಹಾಕಿ ಬಾಯಿಲೆ ಡೀಸೆಲ್ ಎಳಿತಾರ. ಒಂದು ಗುಟುಕು ಎದಿಗೆ ಇಳಿದಿರಬೇಕು. ಹೌದಿಲ್ರಿ ಆಪಾ, ಯಾಸೀನನೂ ಎಳಿತಿದ್ನಲ್ಲ?"

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. "ಹೌದ್ರಿ," ಎಂದಳು ಜೈತುನಬಿ. "ಡೀಸೆಲ್ ಎಳಿತಿದ್ದ."

ಮೈತ್ರಿ ಅದನ್ನು ಬರೆದುಕೊಂಡಳು. ಬರೆದುಕೊಂಡರೂ ಅವಳ ಹುಬ್ಬು ಗಂಟಾಗಿಯೇ ಇತ್ತು. ಬುರಾನುದ್ದೀನ ಮಾತ್ರ ಮೊದಲ ಬಾರಿಗೆ ಹಗುರಾದಂತೆ ಕಂಡ. ದುಡಿಯುವ ಹುಡುಗ, ದುಡಿಮೆಯಲ್ಲೇ ಪೆಟ್ಟು ತಿಂದಿದ್ದಾನೆ, ಇದರಲ್ಲಿ ನಾಚಿಕೆಯ ಮಾತೇನಿಲ್ಲ, ನಿಕಾಹ್ ಎರಡು ತಿಂಗಳು ಮುಂದೆ ಹಾಕೋಣ ಎಂದ. ಮಸರತ ಇವನಿಗಾಗಿ ರೋಜಾ ಉಪವಾಸ ಹಿಡಿದಿದ್ದಾಳೆ ಎಂದೂ ಹೇಳಿದ. ಜೈತುನಬಿಗೆ ಆ ಮಾತು ಬಿಸಿತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಎಣ್ಣೆ ಎಂದರೆ ಡೀಸೆಲ್ಲೂ ಎಣ್ಣೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ನಿಜಕ್ಕೂ ಡೀಸೆಲ್ಲೇ ಇರಬಹುದು, ಯಾರಿಗೆ ಗೊತ್ತು ಎಂದೂ ಹೇಳಿಕೊಂಡಳು. ಹೀಗೆ ಹೇಳಿಕೊಳ್ಳುವವರಿಗೆ ಒಳಗಿನಿಂದ ಉತ್ತರ ಬಂದಿರುತ್ತದೆ, ಅದು ಕೇಳಿಸದಂತೆ ಜೋರಾಗಿ ಹೇಳಿಕೊಳ್ಳುತ್ತಾರೆ.

ನಾಲ್ಕನೆಯ ದಿನದ ಭೇಟಿಯ ಹೊತ್ತು. ಐಸಿಯು ಬಾಗಿಲಲ್ಲಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಸಿದರು, ಮೇಲೆ ಹಸಿರು ನಿಲುವಂಗಿ, ತಲೆಗೆ ಟೊಪ್ಪಿಗೆ, ಮೂಗಿಗೆ ಮಾಸ್ಕು. ಬಂದ ದಿನವೇ ಅತ್ತರು ಹಚ್ಚಿಕೊಂಡು ಬರಬೇಡಿ ಎಂದು ಹೇಳಿದ್ದರಿಂದ ಅವಳು ಉಟ್ಟ ಸೀರೆಯೂ ಬೀಗರ ಮನೆಯಿಂದ ತರಿಸಿದ್ದು. ಒಳಗೆ ಔಷಧದ ಕಟು ವಾಸನೆ ಬಿಟ್ಟರೆ ಬೇರೇನಿಲ್ಲ. ಯಾಸೀನನ ಎದೆ ಮಷೀನಿನ ತಾಳಕ್ಕೆ ಏರಿ ಇಳಿಯುತ್ತಿತ್ತು, ಅವನದಲ್ಲದ ಎದೆಯ ಹಾಗೆ. ಕಣ್ಣಿಗೆ ಟೇಪು ಅಂಟಿಸಿದ್ದರು. ನರ್ಸ್ ವಿಜಯಶ್ರೀ ಗಂಟಲಿನ ನಳಿಗೆಗೆ ಸಣ್ಣದೊಂದು ನಳಿಗೆ ಇಳಿಸಿ ಒಳಗಿನ ಕಫ ಎಳೆದಳು. ಗೊರಗೊರ ಸದ್ದಾಯಿತು.

ಆಗ ಬಂತು ಅದು. ಎರಡು ಮಡಿಕೆಯ ಮಾಸ್ಕು ದಾಟಿ, ಸಣ್ಣಗೆ, ಮಳೆ ಬಿದ್ದ ಹಸಿ ಬೇರಿನ ವಾಸನೆ. ಖಸ್. ಅದರ ಹಿಂದೆಯೇ ಕಮಟು ಹಿಡಿದ ಬಾದಾಮಿ.

ವಿಜಯಶ್ರೀಗೆ ಏನೂ ಗೊತ್ತಾಗಲಿಲ್ಲ. ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ಡಾಕ್ಟರಿಗೂ ಗೊತ್ತಾಗಲಿಲ್ಲ. ಇಡೀ ಕಲಬುರಗಿಯಲ್ಲಿ ಅದನ್ನು ಗುರುತಿಸುವ ಮೂಗು ಒಂದೇ ಇತ್ತು, ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಜೈತುನಬಿ ಹಾಸಿಗೆಯ ಸರಳು ಹಿಡಿದುಕೊಂಡಳು. ತಾನು ಸೋಸಿ ಕೊಟ್ಟದ್ದೆಲ್ಲ ಅಲ್ಲೇ ಇತ್ತು. ಇಪ್ಪತ್ತೆರಡು ದಿನದ್ದೂ ಅವನ ಎದೆಯೊಳಗೇ ಕೂತು ಕೊಳೆಯುತ್ತಿತ್ತು.

ಹೊರಗೆ ಬಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ಇದನ್ನು ಸಿಟ್ಟಿನಿಂದಲೇ ಹೇಳುತ್ತೇನೆ, ಆ ಹೆಂಗಸು ಇಡೀ ಒಂದು ದಿನ ಹೇಳಲಿಲ್ಲ. ಮೊದಲು ಮದುವೆಯ ಭಯ ಇತ್ತು. ಈಗ ಅದಕ್ಕಿಂತ ದೊಡ್ಡದು ಬಂದು ಕೂತಿತ್ತು. ಮಗನನ್ನು ತಾನೇ ಹೀಗೆ ಮಾಡಿದೆ ಎಂಬ ಮಾತು ಬಾಯಿಂದ ಒಮ್ಮೆ ಹೊರಬಿದ್ದರೆ ಅದು ನಿಜವಾಗಿಬಿಡುತ್ತದೆ. ಹೇಳದಿದ್ದರೆ ಇನ್ನೂ ಡೀಸೆಲ್ಲೇ. ಬೆಂಚಿನ ಮೇಲೆ ತಸಬಿ ಹಿಡಿದು ಕೂತಳು, ಮಣಿ ಎಣಿಸಿದಳು, ದೇವರಿಗೆ ಎಲ್ಲ ಹೇಳಿದಳು. ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಾದವಳು ಗಾಜಿನ ಬಾಗಿಲಿನ ಆಚೆ ನಿಂತು ಕತ್ತಲಲ್ಲಿ ತಡಕಾಡುತ್ತಿದ್ದಳು.

ಮರುದಿನ ಜುಮ್ಮಾ ನಮಾಜು ಮುಗಿಸಿ ಬುರಾನುದ್ದೀನ ಬರುವುದಕ್ಕೂ ಮೈತ್ರಿ ಹೊರಗೆ ಬರುವುದಕ್ಕೂ ಸರಿಹೋಯಿತು. ಡಾಕ್ಟರಮ್ಮನ ಮುಖ ಒಣಗಿತ್ತು.

"ಅಮ್ಮಾ, ಮಷೀನ್ ನೂರಕ್ಕ ನೂರು ಆಕ್ಸಿಜನ್ ಕೊಡಾಕತ್ತೈತಿ. ಇದರ ಮುಂದ ಅಂಕಿ ಇಲ್ಲ. ಬೆನ್ನ ಕಡೆ ಗಾಳಿ ಹೋಗಲಿ ಅಂತ ಆರು ಮಂದಿ ಹಿಡಿದು ಬೋರಲು ಮಲಗಿಸೇವಿ, ಆದರೂ ರಕ್ತದಾಗ ಆಕ್ಸಿಜನ್ ಏರವಲ್ದು. ನೋಡ್ರಿ, ಡೀಸೆಲ್ ಇಳಿದಿದ್ರ ಒಂದು ಕಡೆ ಗಾಯ ಇರಬೇಕು. ಇವನದು ಎರಡೂ ಪುಪ್ಪಸಕ್ಕ ಮಂಜು ಮುಸುಕಿದಂಗ ಹರಡೈತಿ. ಇದು ಕುಡಿದದ್ದಲ್ಲ, ಉಸಿರಿನಾಗ ಎಳೆದದ್ದು. ಅದಕ್ಕ ಸ್ಟೀರಾಯ್ಡ್ ಕೊಡಬಹುದು. ಆದ್ರ ಒಳಗ ನಮಗ ಸಿಗಲಾರದ ಸೋಂಕು ಏನರೆ ಇದ್ರ ಅದು ಬೆಂಕಿಗೆ ತುಪ್ಪ ಸುರಿದಂಗ. ಗೊತ್ತಿಲ್ಲದ ಹೆಂಗ ಕೊಡಲಿ? ನಿಮಗೇನರೆ ಗೊತ್ತಿದ್ರ ಈಗ ಹೇಳ್ರಿ. ಸಂಜಿಗೆ ಹೇಳಿದ್ರ ಉಪಯೋಗ ಇರ್ತದ ಅಂತ ನಾ ಹೇಳಂಗಿಲ್ಲ."

ಜೈತುನಬಿ ಬುರಾನುದ್ದೀನನ ಕಡೆ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಪೈಪನ್ನು ಡಾಕ್ಟರಮ್ಮನ ಅಂಗೈ ಮೇಲೆ ಇಟ್ಟಳು.

"ನಾನೇ ಮಾಡಿಕೊಟ್ಟೇನ್ರಿ," ಎಂದಳು. "ಅಂಗಡಿ ನೀರು ಸಿಗಲಾರದಾಗ ನಾನೇ ತುಂಬೀನಿ. ಬಾದಾಮಿ ಎಣ್ಣಿ, ಖಸ್, ಏಲಕ್ಕಿ, ಪುದೀನಾ ಹರಳು. ಇಪ್ಪತ್ತೆರಡು ದಿನ. ಜಡ್ಡಾದ ಮ್ಯಾಲೂ ನಾನೇ ಎಳಿಸೀನಿ. ಡೀಸೆಲ್ ಸುಳ್ಳು."

ಮೈತ್ರಿ ಬೈಯಲಿಲ್ಲ. ಬೈದಿದ್ದರೆ ಜೈತುನಬಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಎಷ್ಟು ಹನಿ, ದಿನಕ್ಕೆ ಎಷ್ಟು ಸಲ, ಅದಕ್ಕೂ ಮುಂಚೆ ಅಂಗಡಿಯ ನೀರು ಎಷ್ಟು ತಿಂಗಳು ಎಂದು ಚುರುಕಾಗಿ ಕೇಳಿ ಬರೆದುಕೊಂಡಳು. ಒಳಗೆ ತಲೆ ಹಾಕಿ ವಿಜಯಶ್ರೀಗೆ ಏನೋ ಸೂಜಿಯ ಹೆಸರು ಹೇಳಿದಳು. ಆಮೇಲೆ ತಿರುಗಿ, "ಹೊಟ್ಟಿಗೆ ಬಾದಾಮಿ ಎಣ್ಣಿ ಛಲೋನೇ ಅಮ್ಮಾ. ಎದಿಗೆ ಅದು ಹೊಂದಂಗಿಲ್ಲ. ಕಾಸಿ ಹೊಗಿ ಮಾಡಿದ್ರಂತೂ ಇನ್ನೂ ಕೆಟ್ಟದ್ದು. ಒಳಗ ಹೋದ ಎಣ್ಣೀನ ಕರಗಿಸಾಕ ಎದಿಗೆ ಬರಂಗಿಲ್ಲ," ಎಂದಳು.

"ನಾ ಮೊದಲನೇ ದಿನಾನೇ ಹೇಳಿದ್ದಿದ್ರ, ಮೇಡಮ್ಮಾರ?"

ಮೈತ್ರಿ ಕೈಯಲ್ಲಿದ್ದ ಕಾಗದ ನೋಡಿದಳು. "ಈಗರೆ ಹೇಳಿದ್ರಲ್ಲ," ಎಂದು ಒಳಗೆ ಹೋದಳು.

ಬುರಾನುದ್ದೀನ ಬೆಂಚಿನ ಮೇಲೆ ಕುಸಿದು ಕೂತಿದ್ದ. ಈಗ ಎದ್ದು ಹೋಗುತ್ತಾನೆ ಎಂದು ಜೈತುನಬಿ ಕಾದಳು. ಅವನು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಟಾರ್ಚ್ ಹಚ್ಚಿ ಬಾಯಿ ನೋಡಿದೆ ನಾ," ಎಂದ. "ಬಾಯಿ ಕೆಳಗ ಎದಿ ಐತಿ ಅನ್ನೂದು ಮರ್ತೆ. ಆರು ತಿಂಗಳು ಗಡುವು ಕೊಟ್ಟವನು ನಾನಲ್ಲೇನು? ನಿಮಗೇನಂತ ಬೈಲಿ, ಆಪಾ?" ಅವನು ಎದ್ದು ಹೋಗಲಿಲ್ಲ. ಮದುವೆಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಸ್ಟೀರಾಯ್ಡ್ ಶುರುವಾಯಿತು. ಮಷೀನು ಕೊಡಬೇಕಾದ ಆಕ್ಸಿಜನ್ ನೂರು ಇದ್ದದ್ದು ಎರಡು ದಿನಕ್ಕೆ ತೊಂಬತ್ತಾಯಿತು, ಮತ್ತೆರಡು ದಿನಕ್ಕೆ ಎಂಬತ್ತು. ಬೋರಲು ಮಲಗಿಸಿ, ಅಂಗಾತ ಮಾಡಿ, ಮತ್ತೆ ಬೋರಲು ಮಾಡಿ ಮುಖವೆಲ್ಲ ಬಾತು ಯಾಸೀನನ ಗುರುತೇ ಸಿಗುತ್ತಿರಲಿಲ್ಲ. ನಡುವೆ ಒಂದು ದಿನ ಹೊಸ ಜ್ವರ ಕಾಣಿಸಿಕೊಂಡಿತು. ಮಷೀನಿಗೆ ಬಿದ್ದವರಿಗೆ ಹೊಸ ಸೋಂಕು ಹತ್ತುವುದುಂಟು ಎಂದು ಮತ್ತೊಂದು ಔಷಧ ಸೇರಿಸಿದರು. ಅಂಕಿ ಮತ್ತೆ ಏರಿ ಮತ್ತೆ ಇಳಿಯಿತು. ಜೈತುನಬಿ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ದಿನಾ ಮಧ್ಯಾಹ್ನ ಮೈತ್ರಿ ಬಂದು ಅದೇ ಮಾತು ಹೇಳುತ್ತಿದ್ದಳು: "ಬದುಕ್ತಾನ ಅಂತ ನಾ ಈಗ ಹೇಳಂಗಿಲ್ಲ. ಬದುಕಿದ್ರೂ ಚೀಲ ಹೊರೋ ಎದಿ ಆಗಿ ಉಳಿಯಂಗಿಲ್ಲ, ಅಮ್ಮಾ."

ಮಷೀನಿಗೆ ಹಾಕಿ ಹದಿಮೂರನೆಯ ದಿನ ಅಂಕಿ ಅರವತ್ತಕ್ಕೆ ಬಂದಾಗ ನಿದ್ದೆಯ ಔಷಧ ತಗ್ಗಿಸಿದರು. ಯಾಸೀನ ಕಣ್ಣು ತೆರೆದಿದ್ದಾನೆ ಎಂದು ಒಳಗಿನಿಂದ ಸುದ್ದಿ ಬಂತು. ನಳಿಗೆ ಇನ್ನೂ ಗಂಟಲಲ್ಲೇ ಇದ್ದುದರಿಂದ ಮಾತಿಲ್ಲ. ಬೇಕಾದದ್ದು ಬರೆದು ತೋರಿಸಲಿ ಎಂದು ಇಂಥವರ ಕೈಗೆ ಒಂದು ಹಲಗೆ, ಕಾಗದ, ಪೆನ್ನು ಕೊಡುವುದು ಅಲ್ಲಿನ ರೂಢಿ.

ಸ್ವಲ್ಪ ಹೊತ್ತಿಗೆ ವಿಜಯಶ್ರೀ ಕಾಗದ ಹಿಡಿದು ಹೊರಗೆ ಬಂದಳು, ನಗುಮುಖ. "ಅಮ್ಮಾ, ಬರೆದಾನ ನೋಡ್ರಿ! ಬಾಗಿಲ ಕಡೆ ಕೈ ಮಾಡಿ ತೋರ್ಸಿದ, ನಿಮಗೇ ಇರಬೇಕು. ಕೈ ನಡುಗ್ತದ, ಅಕ್ಷರ ಸೊಟ್ಟ ಆಗ್ಯಾವ. ನೀರು ಕೇಳ್ಯಾನೇನೋ."

"ನನಗ ಕನ್ನಡ ಓದಾಕ ಬರಂಗಿಲ್ಲವ್ವಾ. ನೀನೇ ಓದು," ಎಂದಳು ಜೈತುನಬಿ. ಎದ್ದು ನಿಂತಿದ್ದಳು, ಎರಡೂ ಕೈ ಎದೆಗೆ ಹಿಡಿದು.

ವಿಜಯಶ್ರೀ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಬಿಡಿಸುತ್ತ ಓದಿದಳು. "ಡಾಕ್ಟರ್ ಮೇಡಂಗೆ. ಪೈಪಿನಾಗಿನ ಎಣ್ಣಿಯಿಂದ ಆಗೇದ. ನನಗ ಅದನ್ನ ಎಳೆದ ಮೊದಲನೇ ದಿನಾನೇ ಗೊತ್ತಾಗಿತ್ತು. ಅಮ್ಮಿಗೆ..."

ಅಲ್ಲಿಗೆ ಅವಳಿಗೆ ತಾನು ಯಾರ ಮುಂದೆ ಓದುತ್ತಿದ್ದೇನೆ ಎಂದು ಹೊಳೆಯಿತು. ನಿಲ್ಲಿಸಿದಳು.

"ಅಮ್ಮಿಗೆ ಏನು?" ಎಂದಳು ಜೈತುನಬಿ. "ಓದವ್ವಾ. ಇದ್ದಂಗ ಓದು."

"ಅಮ್ಮಿಗೆ ಹೇಳಬ್ಯಾಡ್ರಿ," ಎಂದು ವಿಜಯಶ್ರೀ ಮುಗಿಸಿದಳು.

ಜೈತುನಬಿ ಕಾಗದ ಇಸಿದುಕೊಂಡಳು. ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ನಳಿಗೆ ಹಾಕುವ ಮುಂಚೆ ಅವನು ಮಣಿಕಟ್ಟು ಹಿಡಿದು ಹೇಳಬೇಡ ಎಂದದ್ದು ನಿಕಾಹ್‌ಗಾಗಿ ಅಲ್ಲ. ಅವಳ ಕಡೆ ಯಾರೂ ಬೆರಳು ತೋರಿಸಿ ಮಾತಾಡಬಾರದೆಂದು ಅವನು ಹಾಗೆಂದಿದ್ದ. ಉಸಿರು ಸಿಗದ ಆ ಹೊತ್ತಿನಲ್ಲೂ ಅವನು ಅವಳ ಹೆಮ್ಮೆ ಕಾಯುತ್ತಿದ್ದ.

"ಇನ್ನೊಂದು ಸಲ ಓದು," ಎಂದಳು. ವಿಜಯಶ್ರೀ ಕಣ್ಣೊರೆಸಿಕೊಂಡು ಮತ್ತೆ ಓದಿದಳು. ಮೊದಲನೇ ದಿನಾನೇ ಗೊತ್ತಾಗಿತ್ತು ಎಂಬಲ್ಲಿಗೆ ಬಂದಾಗ ಜೈತುನಬಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಇಪ್ಪತ್ತೆರಡು ದಿನ ಅವನು ಎದುರಿಗೇ ಕೂತು ಗೊತ್ತಿದ್ದೂ ಅದನ್ನು ಎಳೆದಿದ್ದ, ಪ್ರತಿ ಸಲವೂ ಅವಳು ಮುಂದೆ ಬಗ್ಗಿ ಹೆಂಗೈತಿ ಎಂದು ಕೇಳಿದ್ದಳು.